ಅಕ್ಕ ಒತ್ತಿದ್ದ ಕೆಂಪು ಗುಂಡಿ

ರಾಮನಗರದ ನನ್ನ ಕಂಪ್ಯೂಟರ್ ಅಂಗಡಿಯಿಂದ ಮರಳವಾಡಿ ಕಡೆಯ ಆ ರೇಷ್ಮೆಹುಳದ ಚಾಕಿ ಕೇಂದ್ರಕ್ಕೆ ಹೋಗಿಬರುವುದೆಂದರೆ ಅರ್ಧ ದಿನ ಕೈಬಿಟ್ಟ ಹಾಗೆ. ಕನಕಪುರದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಂದ ಮುಂದಿನ ಬಸ್ಸು ಹೊರಡುವುದು ಡ್ರೈವರ್ ಟೀ ಮುಗಿಸಿದ ಮೇಲೆ. ಆ ಅರ್ಧ ದಿನ ಉಳಿಸಲು ಹೋಗಿ ನಾನು ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ಆದರೂ ನಡೆದದ್ದು ನಡೆದ ಹಾಗೇ ಒಂದು ಕಡೆ ಇರಲಿ.

ರೇಷ್ಮೆ ಹುಳ ಮೊಟ್ಟೆಯೊಡೆದು ಬಂದ ಮೊದಲ ಒಂದು ವಾರ ಬಹಳ ನಾಜೂಕು. ಬಿಸಿ ಹೆಚ್ಚಾದರೂ ಕಷ್ಟ, ಗಾಳಿ ಒಣಗಿದರೂ ಕಷ್ಟ. ಅದಕ್ಕೇ ಚಾಕಿ ಕೇಂದ್ರದವರು ಹತ್ತಾರು ರೈತರ ಹುಳವನ್ನು ಒಂದೇ ಕಡೆ ಸಾಕಿ, ಎರಡನೇ ಜ್ವರ ಎದ್ದ ಮೇಲೆ ಹಂಚುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ. ಹುಳ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಪೊರೆ ಬಿಟ್ಟು ಮತ್ತೆ ಸೊಪ್ಪಿಗೆ ಬಾಯಿ ಹಾಕಿದರೆ ಜ್ವರ ಎದ್ದಿತು ಎಂದರ್ಥ. ಬೇರೆ ದಿನಗಳಲ್ಲಿ ಹುಳದ ಮನೆಯಲ್ಲಿ ತೇವ ಇರಬೇಕು. ಜ್ವರಕ್ಕೆ ಕೂತಾಗ ಮಾತ್ರ ಒಣಗಿರಬೇಕು. ಮೇಲೆ ಸುಣ್ಣದ ಪುಡಿ ಉದುರಿಸಿ, ಬಾಗಿಲು ಮುಚ್ಚಿ ಹೊರಟರೆ ಮಾರನೆಯ ದಿನದವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ತಟ್ಟೆ ಅಲ್ಲಾಡಿಸುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತೆಯೂ ಇಲ್ಲ.

ಆ ಕೇಂದ್ರದ ಹುಳದ ಮನೆ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅರವತ್ತರ ಹತ್ತಿರದ ಹೆಂಗಸು. ಸುತ್ತಿನ ಊರುಗಳಲ್ಲಿ ಅವರ ಕೈಗುಣಕ್ಕೆ ದೊಡ್ಡ ಹೆಸರು. ‘ಆಯಮ್ಮನ ಕೈಲಿ ಎದ್ದ ಹುಳ ಗೂಡು ಕಟ್ಟದೆ ಬುಡಾಕಿಲ್ಲ’ ಎಂದು ರೈತರು ಹೇಳುವುದನ್ನು ನಾನೇ ಕೇಳಿದ್ದೇನೆ. ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದು, ತೇವ ಎಷ್ಟಿದೆ ಎಂದು ಹೇಳುತ್ತಿದ್ದರು. ನನ್ನ ಸೆನ್ಸರ್ ತೋರಿಸುವ ಅಂಕಿಗೂ ಅದಕ್ಕೂ ಒಂದೆರಡು ಅಂಶ ವ್ಯತ್ಯಾಸ ಬಂದರೆ ಹೆಚ್ಚು. ಬಂದಾಗ ಅವರು ಸೆನ್ಸರನ್ನೇ ಅನುಮಾನದಿಂದ ನೋಡುತ್ತಿದ್ದರು.

ಕೇಂದ್ರದ ಯಜಮಾನರು ನನ್ನನ್ನು ಕರೆಸಿದ್ದು ಹುಳದ ಮನೆಯ ಬಿಸಿ, ತೇವ ಎರಡನ್ನೂ ಕಂಪ್ಯೂಟರಿಗೆ ಒಪ್ಪಿಸಲು. ಅಂಗೈಯಗಲದ ಒಂದು ಕಂಪ್ಯೂಟರ್ ಇಟ್ಟೆ. ಅದರಲ್ಲಿ ನಾಲ್ಕು ಪ್ರೋಗ್ರಾಂ. ಒಂದು ಸೆನ್ಸರ್ ಓದುತ್ತದೆ, ಒಂದು ಹೀಟರ್ ನೋಡಿಕೊಳ್ಳುತ್ತದೆ, ಒಂದು ತೇವಕ್ಕಾಗಿ ನೀರನ್ನು ಮಂಜಾಗಿ ಊದುವ ಮಿಷನ್ನು ನಡೆಸುತ್ತದೆ, ಇನ್ನೊಂದು ತೇವ ಕಡಿಮೆಯಾದರೆ ಫೋನಿಗೆ ಸಂದೇಶ ಕಳಿಸುತ್ತದೆ. ಈ ನಾಲ್ಕರ ಮೇಲೆ ಮೇಸ್ತ್ರಿಯಂತೆ ಒಂದು ಪ್ರೋಸೆಸ್ ಮ್ಯಾನೇಜರ್. ಯಾವುದಾದರೂ ಪ್ರೋಗ್ರಾಂ ತಾನಾಗಿ ಸತ್ತು ಬಿದ್ದರೆ ಮತ್ತೆ ಎಬ್ಬಿಸುವುದು ಅದರ ಕೆಲಸ. ಮೂರು ಸಲ ಎಬ್ಬಿಸಿ ನೋಡುತ್ತದೆ. ಏಳದಿದ್ದರೆ ‘ಕೈಚೆಲ್ಲಿದೆ’ ಎಂದು ಬರೆದುಕೊಂಡು ಸುಮ್ಮನಾಗುತ್ತದೆ.

ಜ್ವರದ ದಿನ ಮಂಜು ನಿಲ್ಲಿಸಲು ಬಾಗಿಲ ಹೊರಗೆ ಗೋಡೆಗೆ ಎರಡು ಗುಂಡಿ ಹಾಕಿದ್ದೆ. ಅದು ಅಕ್ಕನ ಹಟ. ಫೋನಿನಲ್ಲೇ ನಿಲ್ಲಿಸಬಹುದು ಎಂದಾಗ ಅವರು ಒಪ್ಪಲಿಲ್ಲ.

“ಫೋನ್ ಮೇಲೆ ಬೆರಳಾಡ್ಸುದ್ರೆ ನಂಗೆ ನಿಲ್ಸಿದ್ ಹಂಗೇ ಆಗಾಕಿಲ್ಲ ಕಣಪ್ಪ. ಒತ್ತಾಕೆ ಏನಾರ ಮಡಗು.”

ಹಸಿರು ಒತ್ತಿದರೆ ಶುರು, ಕೆಂಪು ಒತ್ತಿದರೆ ನಿಲುಗಡೆ. ಗುಂಡಿ ಒತ್ತಿದಾಗ ಆ ಮಾತು ಹೋಗುವುದು ಪ್ರೋಸೆಸ್ ಮ್ಯಾನೇಜರಿಗೇ. ಹೀಗೆ ಕೈಯಿಂದ ನಿಲ್ಲಿಸಿದ್ದನ್ನು ಮ್ಯಾನೇಜರ್ ತಾನಾಗಿ ಎಬ್ಬಿಸುವುದಿಲ್ಲ, ನಿಲ್ಲಿಸಿದವರಿಗೆ ಕಾರಣ ಗೊತ್ತಿರುತ್ತದೆ ಎಂದುಕೊಳ್ಳುತ್ತದೆ. ಅದನ್ನು ಬರೆದ ಪುಣ್ಯಾತ್ಮರಿಗೆ ಅಷ್ಟು ವಿವೇಕ ಇತ್ತು.

ಮೊದಲ ಕೆಲವು ಬೆಳೆ ಚೆನ್ನಾಗಿಯೇ ನಡೆಯಿತು. ಆಮೇಲೆ ಕರೆಂಟು ಮಿಣುಕಿದಾಗಲೆಲ್ಲ ಸೆನ್ಸರಿನ ತಂತಿ ತಪ್ಪು ಅಂಕಿ ಕೊಡುವುದು, ಮಂಜಿನ ಪ್ರೋಗ್ರಾಂ ಬೀಳುವುದು, ಮ್ಯಾನೇಜರ್ ಮೂರು ಸಲ ನೋಡಿ ಕೈಚೆಲ್ಲುವುದು ಶುರುವಾಯಿತು. ಅಕ್ಕ ಹಸಿರು ಒತ್ತಿದರೂ ಕೆಲವು ಸಲ ಏಳುತ್ತಿರಲಿಲ್ಲ. ನಾನು ಬಸ್ಸು ಹತ್ತಬೇಕು. ಹೋಗಿ ಮಾಡುತ್ತಿದ್ದ ಕೆಲಸ ಎರಡು ನಿಮಿಷದ್ದು.

ಆಗ ನೆನಪಾದದ್ದು ಮ್ಯಾನೇಜರಿನ ಇಂಟರ್‌ಫೇಸ್. ಮನುಷ್ಯರು ಪರದೆ ನೋಡಿ ಆಜ್ಞೆ ಕೊಡುವ ಹಾಗೆ, ಇನ್ನೊಂದು ಪ್ರೋಗ್ರಾಮೂ ದೂರದಿಂದ ಅದನ್ನು ಮಾತಾಡಿಸಬಹುದು. ಯಾವುದು ಓಡುತ್ತಿದೆ ಕೇಳಬಹುದು, ಶುರುಮಾಡು, ನಿಲ್ಲಿಸು ಎನ್ನಬಹುದು, ಲಾಗ್ ಕಳಿಸು ಎಂದರೆ ಏನೇನಾಯಿತೆಂಬ ದಿನಚರಿಯನ್ನು ಸಾಲುಸಾಲಾಗಿ ಕಳಿಸುತ್ತದೆ. ಬಾಗಿಲು ಊರಿಗೆಲ್ಲ ತೆರೆದಿಡುವುದು ಬೇಡವೆಂದು ನನ್ನ ಅಂಗಡಿಗೂ ಆ ಕಂಪ್ಯೂಟರಿಗೂ ನಡುವೆ ಗುಪ್ತದಾರಿ ಮಾಡಿ, ಪಾಸ್‌ವರ್ಡ್ ಹಾಕಿದೆ. ಎರಡು ದಿನ ತಲೆ ಕೆಡಿಸಿಕೊಂಡೆ. ಮೊದಲು ಸಂಪರ್ಕವೇ ಸಿಗಲಿಲ್ಲ. ಸಿಕ್ಕ ಮೇಲೆ ಅಲ್ಲಿಯ ಸಿಮ್ಮಿನ ಸಿಗ್ನಲ್ ಕೈಕೊಟ್ಟಿತು. ನನ್ನ ಆಜ್ಞೆ ತಲುಪಿರುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ. ತಲುಪಿಲ್ಲವೆಂದು ಮತ್ತೆ ಕಳಿಸಿದರೆ, ‘ಆಗಲೇ ಶುರುವಾಗಿದೆ’ ಎಂದು ಬೈಸಿಕೊಳ್ಳುವುದು. ಆಜ್ಞೆ ಕೊಡುವ ಮೊದಲು ಸ್ಥಿತಿ ಕೇಳಬೇಕೆಂಬ ಬುದ್ಧಿ ಬಂತು. ಅರ್ಧ ಬುದ್ಧಿ ಮಾತ್ರ ಬಂದಿತ್ತೆಂದು ಈಗ ಗೊತ್ತು.

ಮಳೆಗಾಲ ಮುಗಿದು ಮೋಡ, ಥಂಡಿ ಎರಡೂ ಇದ್ದ ದಿನಗಳವು. ಆ ಬೆಳೆಯ ಹುಳ ಮೊದಲನೇ ಜ್ವರ ಎದ್ದ ಮಾರನೆಯ ದಿನ ಬೆಳಿಗ್ಗೆ ಮಂಜಿನ ಪ್ರೋಗ್ರಾಂ ಬಿತ್ತು. ಅಕ್ಕನ ಫೋನು.

“ಬತ್ತೀಯೇನಪ್ಪ? ಸೊಪ್ಪು ಒಣಗ್ತಾ ಐತೆ.”

“ಬರೋದೇನೂ ಬೇಡ ಅಕ್ಕಾ, ಇಲ್ಲಿಂದ್ಲೇ ನೋಡ್ತೀನಿ.”

ಸ್ಥಿತಿ ಕೇಳಿದೆ, ಲಾಗ್ ಓದಿದೆ, ಸೆನ್ಸರಿನ ಪ್ರೋಗ್ರಾಂ ನಿಲ್ಲಿಸಿ ಶುರುಮಾಡಿದೆ, ಆಮೇಲೆ ಮಂಜಿನದ್ದು. ಫೋನಿನಲ್ಲೇ ಮಿಷನ್ನಿನ ಸದ್ದು ಕೇಳಿಸಿತು.

“ಅಯ್ಯೋ ನಿನ್ ಮನೆ ಕಾಯ್ವೋಗ! ಅಲ್ಲೇ ಕೂತ್ಕಂಡು ಎಬ್ಬಿಸ್ಬುಟ್ಯಲ್ಲೋ!”

ಆ ಮೆಚ್ಚುಗೆ ನನ್ನ ತಲೆಗೇರಿತು. ಅಕ್ಕ ಫೋನು ಮಾಡುವ ತನಕವಾದರೂ ಯಾಕೆ ಕಾಯಬೇಕು? ಅಂದೇ ಕೂತು ಇನ್ನೊಂದು ಚಿಕ್ಕ ಪ್ರೋಗ್ರಾಂ ಬರೆದೆ. ಅದು ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು, ಹತ್ತು ನಿಮಿಷಕ್ಕೊಮ್ಮೆ ಅಲ್ಲಿಯ ಮ್ಯಾನೇಜರನ್ನು ಕೇಳುತ್ತದೆ: ನಾಲ್ಕೂ ಓಡುತ್ತಿವೆಯಾ? ಓಡದಿರುವುದನ್ನು ಶುರುಮಾಡು. ಅಷ್ಟೇ. ಹನ್ನೆರಡು ಸಾಲು. ಅಕ್ಕನಿಗೆ ಹೇಳಲಿಲ್ಲ. ಹೇಳುವಂಥದ್ದೇನಿದೆ ಎಂದುಕೊಂಡೆ.

ಎರಡು ದಿನ ಕಳೆದು ಹುಳ ಎರಡನೇ ಜ್ವರಕ್ಕೆ ಕೂತವು. ಆ ಸಂಜೆ ನನ್ನ ಪರದೆಯ ಮೇಲೆ ನಾಲ್ಕೂ ಸಾಲು ಹಸಿರಾಗಿದ್ದವು, ನಾಲ್ಕರ ಮುಂದೆಯೂ ‘ಓಡುತ್ತಿದೆ’. ಪಕ್ಕದ ಮೊಬೈಲ್ ಅಂಗಡಿಯವನನ್ನು ಕರೆದು ತೋರಿಸಿದೆ. ಅವನು ನೋಡಿ, “ನೀನು ಬುಡ್ಲಾ, ಇಲ್ಲಿಂದ್ಲೇ ರೇಷ್ಮೆ ಬೆಳೀತೀಯ” ಎಂದ. ಖುಷಿಯಲ್ಲಿ ಅಂಗಡಿ ಮುಚ್ಚಿದೆ.

ಮಾರನೆಯ ಮಧ್ಯಾಹ್ನ ಅಕ್ಕ ಫೋನು ಮಾಡಿದಾಗ ದನಿಯಲ್ಲಿ ಉಸಿರೇ ಇರಲಿಲ್ಲ.

“ಈಗ ಬಾಗ್ಲು ತೆಗ್ದೆ ಕಣಪ್ಪ. ಒಳಗೆಲ್ಲ ಮಂಜು. ಸುಣ್ಣ ಎಲ್ಲಾ ಮುದ್ದೆಯಾಗಿ ಹುಳಕ್ಕೆ ಮೆತ್ಕಂಡೈತೆ. ಮಿಷನ್ನು ಓಡ್ತಾನೇ ಐತೆ.”

“ಕೆಂಪು ಒತ್ತಿದ್ರಾ ಅಕ್ಕಾ?”

“ಒತ್ತಿದ್ದೆ ಕಣಪ್ಪ. ಒತ್ತಿ, ಸದ್ದು ನಿಂತ್ಮೇಲೇ ಬಾಗ್ಲು ಹಾಕಿದ್ದು.”

ಇಲ್ಲಿ ನಾನು ಆಡಿದ ಮಾತನ್ನು ಬರೆಯುವಾಗ ಕೈ ನಿಲ್ಲುತ್ತದೆ. ಹಾಗೇ ಬರೆಯುತ್ತೇನೆ.

“ಅದು ತಾನಾಗೇ ಶುರುವಾಗಲ್ಲ ಅಕ್ಕಾ. ಒಂದ್ಸಲ ನಿಲ್ಲಿಸಿದ್ರೆ ನಿಂತೇ ಇರುತ್ತೆ. ಸರಿಯಾಗಿ ಜ್ಞಾಪಿಸ್ಕೊಳ್ಳಿ.”

ಮ್ಯಾನೇಜರಿನ ಮಟ್ಟಿಗೆ ಅದು ನಿಜ. ನನ್ನ ಹನ್ನೆರಡು ಸಾಲು ಆ ಕ್ಷಣ ನನ್ನ ನೆನಪಿಗೇ ಬರಲಿಲ್ಲ. ನನ್ನ ಯಂತ್ರ ತಪ್ಪು ಮಾಡುವುದಿಲ್ಲ ಎಂಬ ಜಂಬ ಎಷ್ಟಿತ್ತೆಂದರೆ, ಆ ಕಡೆಗೆ ಯೋಚನೆಯೇ ತಿರುಗಲಿಲ್ಲ.

“ಹಂಗಾರೆ ನಾನೇ ಮರ್ತ್ನೇನೋ. ನಮ್ಮವ್ವಂಗೂ ಹಿಂಗೇ ಶುರುವಾಗಿದ್ದು. ಒಲೆ ಆರ್ಸಿದೀನಿ ಅನ್ನೋಳು, ಆರ್ಸಿರ್ತಿರ್ಲಿಲ್ಲ. ಆಮೇಕಾಮೇಕೆ ನಮ್ಮುನ್ನೇ ಯಾರು ಅಂತ ಕೇಳೋಳು.”

ನಾನು ಏನೋ ಸಮಾಧಾನದ ಮಾತು ಹೇಳಿ ಫೋನಿಟ್ಟೆ.

ಅಕ್ಕ ಗುಂಡಿಯನ್ನೂ ನಂಬದೆ ಮಿಷನ್ನಿನ ಪ್ಲಗ್ಗನ್ನೇ ಕಿತ್ತು, ಹೊಸ ಸುಣ್ಣ ಉದುರಿಸಿ, ಕಿಟಕಿ ತೆರೆದು, ತಟ್ಟೆ ಒಣಗಿಸಲು ಒದ್ದಾಡಿದರು. ಈ ಹುಳ ಹಂಚುವುದು ಬೇಡ ಎಂದು ಯಜಮಾನರಿಗೆ ಹೇಳಿದರಂತೆ. ಆದರೆ ರೈತರು ಸೊಪ್ಪು ಸಿದ್ಧ ಮಾಡಿಕೊಂಡು ಗಾಡಿ ತಂದಿದ್ದರು. ಹುಳ ನೋಡಲಿಕ್ಕೆ ಚೆನ್ನಾಗಿಯೇ ಇದ್ದವು. ಹಂಚಿದರು. ಒಂದು ವಾರದಲ್ಲಿ ರೈತರ ಮನೆಗಳಲ್ಲಿ ಹುಳ ಸೆಟೆದು, ಮೈಮೇಲೆ ಬೆಳ್ಳಗೆ ಪುಡಿ ಕಟ್ಟಿ ಸಾಯತೊಡಗಿದವು. ಸುಣ್ಣಕಟ್ಟು ರೋಗ, ಒಂದು ಬಗೆಯ ಬೂಷ್ಟು. ಥಂಡಿಯ ದಿನಗಳಲ್ಲಿ ತೇವ ಹೆಚ್ಚಾದರೆ ಅದು ಕಾದು ಕೂತ ಹಾಗೆ ಬರುತ್ತದೆ.

ರೈತರು ಕೇಂದ್ರದ ಮುಂದೆ ಸೇರಿದ ದಿನ ನಾನು ಅಲ್ಲಿಗೆ ಹೋಗಿದ್ದೆ, ಸೆನ್ಸರ್ ತಂತಿ ಬದಲಿಸುವ ನೆಪದಲ್ಲಿ. ಯಾರೂ ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಒಬ್ಬ ಹಿರಿಯರು ಮಾತ್ರ, “ಎಲ್ಲಾ ಸರಿ, ಆಯಮ್ಮನ ಕೈ ಹೆಂಗೆ ತಪ್ತು ಅಂತೀನಿ” ಎಂದರು. ಅಕ್ಕ ಬಾಗಿಲ ಪಕ್ಕದಿಂದ ಮುಂದೆ ಬಂದರು.

“ಬ್ಯಾರೆ ಯಾರ್ದೂ ತಪ್ಪಿಲ್ಲ. ಮಂಜು ನಿಲ್ಸೋದ ನಾನೇ ಮರ್ತ್ಬುಟ್ಟೆ. ಮಿಷನ್ ಮೇಲೆ ಹಾಕ್ಬ್ಯಾಡಿ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ನಲವತ್ತು ವರ್ಷದ ಹೆಸರನ್ನು ಅವರು ತಾವೇ ಒಡೆದು ನೆಲಕ್ಕೆ ಹಾಕಿದರು. ನಾನು ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದೆ. ನನಗೆ ಅವರ ಮೇಲೆ ಕನಿಕರ ಬಂದಿತ್ತು. ಆ ಕನಿಕರ ನೆನೆದರೆ ಈಗ ಹೇಸಿಗೆಯಾಗುತ್ತದೆ. ಅಂದೇ ಅವರು ಹುಳದ ಮನೆಯ ಬೀಗದ ಕೈ ಯಜಮಾನರ ಮುಂದಿಟ್ಟು ಮನೆಗೆ ಹೋದರು.

ಅವರ ಜಾಗಕ್ಕೆ, ಆಚೆ ವರ್ಷ ಆ ಊರಿಗೆ ಮದುವೆಯಾಗಿ ಬಂದಿದ್ದ ಒಬ್ಬ ಹೆಣ್ಣುಮಗಳು ಬಂದಳು. ಮುಂದಿನ ಬೆಳೆಯ ಹುಳ ಮೊದಲನೇ ಜ್ವರಕ್ಕೆ ಕೂತ ದಿನ ಅವಳಿಂದ ಫೋನು ಬಂತು.

“ಸಾರ್, ನಿಮ್ ಮಿಷನ್ ಕೆಟ್ಟೈತೆ. ಕೆಂಪು ಒತ್ತಿ ನಿಲ್ಸುದ್ರೆ ಒಸಿ ಹೊತ್ಗೆ ಮತ್ತೆ ಶುರುವಾಯ್ತದೆ. ಎಲ್ಡ್ ಸಲ ನೋಡ್ದೆ.”

ತಾನು ಮರೆತಿರಬಹುದು ಎಂಬ ಅನುಮಾನ ಅವಳ ದನಿಯಲ್ಲಿ ಎಳ್ಳಷ್ಟೂ ಇರಲಿಲ್ಲ. ಆಗ ನೆನಪಾಯಿತು ಆ ಹನ್ನೆರಡು ಸಾಲು. ಮೊದಲು ಅದನ್ನು ನಿಲ್ಲಿಸಿ, ಅವಳಿಗೆ ಮತ್ತೆ ಕೆಂಪು ಒತ್ತಲು ಹೇಳಿದೆ. ಮಂಜು ನಿಂತಿತು, ಮತ್ತೆ ಶುರುವಾಗಲಿಲ್ಲ. ಆಮೇಲೆ ಇಂಟರ್‌ಫೇಸಿನಿಂದ ಹಳೆಯ ಲಾಗ್ ತರಿಸಿದೆ. ಅದು ತುಂಬಿದಷ್ಟೂ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಹಿಂದಿನ ಬೆಳೆಯ ಆ ಸಂಜೆಯ ಸಾಲುಗಳು ಇನ್ನೂ ಉಳಿದಿದ್ದವು.

ಸಂಜೆ ಐದು ನಲವತ್ತೆರಡು: ಮಂಜಿನ ಪ್ರೋಗ್ರಾಂ ನಿಲ್ಲಿಸಲಾಗಿದೆ. ಐದು ಐವತ್ತು: ಶುರುವಾಗಿದೆ. ಅದೇ ಐದು ಐವತ್ತಕ್ಕೆ ನನ್ನ ಕಂಪ್ಯೂಟರಿನ ದಿನಚರಿಯಲ್ಲಿ: ಮಂಜು ಓಡುತ್ತಿಲ್ಲ, ಶುರುಮಾಡಲು ಹೇಳಿದೆ.

ಮ್ಯಾನೇಜರ್ ಸ್ಥಿತಿ ಹೇಳುವಾಗ ‘ನಿಲ್ಲಿಸಿದ್ದು’ ಬೇರೆ, ‘ಸತ್ತದ್ದು’ ಬೇರೆ, ‘ಕೈಚೆಲ್ಲಿದ್ದು’ ಬೇರೆ ಎಂದು ಸ್ಪಷ್ಟವಾಗಿಯೇ ಹೇಳುತ್ತಿತ್ತು. ನನ್ನ ಪ್ರೋಗ್ರಾಂ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಓಡುತ್ತಿಲ್ಲವಾ, ಓಡಿಸು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯದು. ಒಬ್ಬ ಹೆಂಗಸು ಯೋಚಿಸಿ ನಿಲ್ಲಿಸಿದ್ದನ್ನು ಎಂಟೇ ನಿಮಿಷಕ್ಕೆ ಎಬ್ಬಿಸಿತು. ಬಾಗಿಲು ಮುಚ್ಚಿದ ಮೇಲೆ ಯಾರೂ ಒಳಗೆ ಹೋಗುವಂತಿಲ್ಲವಾದ್ದರಿಂದ ಯಾರೂ ನೋಡಲಿಲ್ಲ. ತೇವ ಕಡಿಮೆಯಾದರೆ ಮಾತ್ರ ಸಂದೇಶ ಹೋಗುತ್ತಿತ್ತು, ಆದ್ದರಿಂದ ಸಂದೇಶವೂ ಹೋಗಲಿಲ್ಲ. ನಾನು ಮಾತ್ರ ನಾಲ್ಕು ಹಸಿರು ಸಾಲು ನೋಡಿ ಹಿಗ್ಗಿದ್ದೆ.

ತಿದ್ದಲು ಒಂದೇ ಸಾಲು ಸಾಕಾಯಿತು: ತಾನಾಗಿ ಬಿದ್ದಿದ್ದರೆ ಮಾತ್ರ ಎಬ್ಬಿಸು, ಕೈಯಿಂದ ನಿಲ್ಲಿಸಿದ್ದನ್ನು ಮುಟ್ಟಬೇಡ. ಪರೀಕ್ಷಿಸಿ ನೋಡಿದೆ, ಸರಿಯಾಗಿತ್ತು. ಆಮೇಲೆ ಏನು ಮಾಡಬೇಕೆಂಬುದು ಮಾತ್ರ ಎಂಟು ದಿನ ತೀರ್ಮಾನವಾಗಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನು ಕೆಲವು ದಿನಕ್ಕೆ ಲಾಗಿನ ಆ ಸಾಲುಗಳೂ ತಾವಾಗಿಯೇ ಅಳಿದುಹೋಗುತ್ತಿದ್ದವು. ನಾನು ಹೇಡಿ. ಎಂಟು ದಿನವೂ ಅವು ಅಳಿಯಲೆಂದೇ ಕಾದೆ ಅನಿಸುತ್ತದೆ. ಒಂಬತ್ತನೇ ದಿನ ಬೆಳಿಗ್ಗೆ ಮತ್ತೆ ತೆರೆದು ನೋಡಿದೆ. ಇದ್ದವು. ಇದ್ದವಲ್ಲ ಎಂದು ಮೊದಲು ಬೇಸರವಾಯಿತು. ಆ ಬೇಸರದಿಂದಲೇ ನಾನು ಎಂಥವನೆಂದು ನನಗೆ ಗೊತ್ತಾಯಿತು. ಪ್ರಿಂಟ್ ತೆಗೆದು ಬಸ್ ಸ್ಟ್ಯಾಂಡಿಗೆ ನಡೆದೆ.

ಮೊದಲು ಯಜಮಾನರಿಗೆ ತೋರಿಸಿದೆ. ಅವರು ಕಾಗದ ಎರಡು ಸಲ ಓದಿ ಹಿಂದಕ್ಕೆ ಕೊಟ್ಟರು.

“ಆಗಿದ್ದು ಆಗೋಯ್ತು. ಆಯಮ್ಮನೇ ಒಪ್ಕಂಡೌಳೆ, ರೈತ್ರೂ ಸುಮ್ನಾಗವ್ರೆ. ಈಗ ಇದ ಎತ್ಬ್ಯಾಡಿ.”

“ರೈತ್ರಿಗೆ ನಾನೇ ಹೇಳ್ತೀನಿ. ಮೊದಲು ಅಕ್ಕನ ಮನೆ ಎಲ್ಲಿ ಹೇಳಿ.”

ಅಕ್ಕ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದರು. ಅವರ ಸೊಸೆ ಬಾಗಿಲಲ್ಲಿ ನಿಂತು ನನ್ನನ್ನು ಪಕ್ಕಕ್ಕೆ ಕರೆದು, “ಅತ್ತೆಗೆ ಒಸಿ ಮರೆವು ಕಣಣ್ಣ. ಒಲೆ ತಾವ ನಾನು ಬುಡದಿಲ್ಲ” ಎಂದು ಮೆಲ್ಲಗೆ ಹೇಳಿದಳು. ಅಕ್ಕನಿಗೆ ಅದು ಕೇಳಿಸಿತು. ತಲೆ ಎತ್ತಲಿಲ್ಲ.

ನಾನು ಕೆಳಗೆ ಕೂತು ಎಲ್ಲವನ್ನೂ ಹೇಳಿದೆ. ಹನ್ನೆರಡು ಸಾಲಿನದ್ದೂ, ಎಂಟು ದಿನ ಕಾದದ್ದೂ. ಕಾಗದ ಬಿಡಿಸಿ ಓದಿದೆ.

“ಎಷ್ಟ್ ಗಂಟೆ ಅಂದೆ?”

“ಐದು ನಲವತ್ತೆರಡು.”

“ಹಸ ಕರಿಯೋ ಹೊತ್ತು. ಹೂಂ. ಇನ್ನೊಂದ್ ದಪ ಓದು.”

ಓದಿದೆ. ಅವರು ಕಾಗದ ಇಸಿದುಕೊಂಡು, ಓದಲು ಬಾರದಿದ್ದರೂ, ನಾನು ತೋರಿಸಿದ ಸಾಲಿನ ಮೇಲೆ ಹೆಬ್ಬೆರಳಿಟ್ಟರು. ಬಯ್ಯುತ್ತಾರೆಂದು ಕಾದೆ. ಬೈದಿದ್ದರೆ ಬದುಕುತ್ತಿದ್ದೆ.

“ಅವತ್ತು ಫೋನ್ನಾಗೆ ನೀನೇ ಅಂದ್ಯಲ್ಲಪ್ಪ, ತಾನಾಗೇ ಶುರುವಾಗಾಕಿಲ್ಲ ಅಂತ. ಓದ್ದೋನು, ಸುಳ್ಳು ಹೇಳ್ತಾನಾ ಅನ್ಕಂಡೆ. ಸದ್ದು ನಿಂತಿದ್ದು ನನ್ ಕಿವೀಲಿ ಹಂಗೇ ಇತ್ತು. ಕಿವೀದೇ ಸುಳ್ಳು ಅನ್ಕಂಡೆ.”

ನನಗೆ ಅಳು ಬಂತು. ತಡೆಯಲಿಲ್ಲ. ಮತ್ತೆ ಕೇಂದ್ರಕ್ಕೆ ಬನ್ನಿ, ರೈತರಿಗೆಲ್ಲ ಮನೆಮನೆಗೆ ಹೋಗಿ ಹೇಳುತ್ತೇನೆ ಎಂದೆ.

“ಹೇಳು, ಬ್ಯಾಡ ಅನ್ನಾಕಿಲ್ಲ. ಆದ್ರೆ ನಾನು ಬರಾಕಿಲ್ಲ ಕಣಪ್ಪ. ಈಗ ಬಾಗ್ಲು ಹಾಕಿದ್ರೂ ಹಾಕಿದ್ನಾ ಅಂತೈತೆ ಮನ್ಸು. ಹುಳ ಸಾಕೋರ್ಗೆ ಅದು ಆಗಾಕಿಲ್ಲ.” ಆಮೇಲೆ ಒಳಗೆ ತಿರುಗಿ ಕೂಗಿದರು: “ಬಾರವ್ವ ಇಲ್ಲಿ. ಈ ಕಾಗ್ದದಾಗೆ ಏನೈತೆ ಕೇಳು.”

ಸೊಸೆಗೆ ಮೂರನೇ ಸಲ ಓದಿದೆ. ಅವಳು ಸೆರಗಿನ ತುದಿ ಹಿಡಿದು ಕೇಳಿಸಿಕೊಂಡಳು. ಕೊನೆಗೆ, “ಹಂಗಾರೆ ಇವ್ರಿಗೆ ಕಾಪಿ ನೀವೇ ಕಾಯ್ಸಿ ಅತ್ತೆ” ಎಂದಳು.

ಅಕ್ಕ ಎದ್ದರು. ಒಳಗೆ ಬೆಂಕಿಕಡ್ಡಿ ಗೀರಿದ ಸದ್ದು, ಪಾತ್ರೆಯ ಸದ್ದು ಕೇಳಿಸಿತು. ಬೆಲ್ಲದ ಕಾಫಿ ತಂದು ನನ್ನ ಮುಂದಿಟ್ಟು, ಸೊಸೆಯ ಕೈಗೂ ಒಂದು ಲೋಟ ಕೊಟ್ಟು ಕೂತರು. ಮುಖದಲ್ಲಿ ಏನೋ ತಿಳಿಯಾಗಿತ್ತು. ನಾನು ಒಂದು ಗುಟುಕು ಕುಡಿಯುವಷ್ಟರಲ್ಲಿ ಎದ್ದು ಒಳಗೆ ಹೋಗಿ ಒಲೆ ನೋಡಿ ಬಂದರು. ಕೂತರು. ಹುರುಳಿಯ ಮೊರ ಎಳೆದುಕೊಂಡು, ಅದನ್ನು ಅಲ್ಲೇ ಬಿಟ್ಟು ಮತ್ತೆ ಹೋಗಿ ನೋಡಿ ಬಂದರು.

ಮೂರನೇ ಸಲ ಎದ್ದಾಗ ಸೊಸೆ, “ಒಲೆ ಆರೈತೆ ಅತ್ತೆ, ನಾನೇ ನೋಡ್ದೆ” ಎಂದಳು.

“ಗೊತ್ತು ಕಣವ್ವ,” ಎಂದರು ಅಕ್ಕ. ಆದರೂ ಒಳಗೆ ಹೋದರು.